ಹಾಸನ ಜಂಕ್ಷನ್‌ನಲ್ಲಿ ಐದು ಗಂಟೆ ಸಿಕ್ಕರೆ ಬೇಲೂರು, ಹಳೇಬೀಡು ನೋಡಿ ಬರಬಹುದಾ?

ನೀವು ಕೇಳಿದ್ದು ಇಷ್ಟು: ಬೆಳಗ್ಗೆ ಶ್ರವಣಬೆಳಗೊಳದಿಂದ ರೈಲು ಹತ್ತಿ ಹಾಸನದಲ್ಲಿ ಇಳಿಯುತ್ತೀರಿ, ಶಿವಮೊಗ್ಗ ಕಡೆ ಹೋಗುವ ರೈಲು ಮಧ್ಯಾಹ್ನದ ಮೇಲೆ, ನಡುವೆ ಐದು ಗಂಟೆ ಇದೆ, ಅಷ್ಟರಲ್ಲಿ ಎರಡೂ ದೇವಸ್ಥಾನ ಮುಗಿಸಬಹುದಾ ಅಂತ.

ಮುಗಿಸಬಹುದು. ನೋಡೋಕೆ ಆಗಲ್ಲ. ನೀವೇ ಲೆಕ್ಕ ಹಾಕಿ. ಹಾಸನದಿಂದ ಬೇಲೂರು ಹತ್ತಿರ ಹತ್ತಿರ 40 ಕಿ.ಮೀ., ಅಲ್ಲಿಂದ ಹಳೇಬೀಡು 16, ಹಳೇಬೀಡಿಂದ ವಾಪಸ್ ಹಾಸನಕ್ಕೆ 30ರ ಮೇಲೆ. ಬಸ್ಸುಗಳೇನೋ ಬೇಕಾದಷ್ಟಿವೆ, ಆದರೂ ಕಾಯೋದು, ಹತ್ತೋದು, ಇಳಿಯೋದು ಎಲ್ಲ ಸೇರಿ ಮೂರು ಗಂಟೆಗೂ ಜಾಸ್ತಿ ರಸ್ತೆಯಲ್ಲೇ ಹೋಗುತ್ತೆ. ಉಳಿದಿದ್ದರಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ನಾಲ್ಕು ಫೋಟೋ ತೆಗೆದು ಓಡಿ ಬರಬೇಕು, ಅದೂ ಕಣ್ಣು ವಾಚಿನ ಮೇಲೆ ಇಟ್ಟುಕೊಂಡು. ಬೇಲೂರಿನ ಚೆನ್ನಕೇಶವನ ಗುಡಿಯ ಹೊರಗೋಡೆ ಒಂದು ಸುತ್ತು ಸರಿಯಾಗಿ ನೋಡೋಕೇ ಒಂದು ಗಂಟೆ ಬೇಕು. ಎರಡೂ ಯುನೆಸ್ಕೋ ಪಟ್ಟಿ ಸೇರಿದ ಮೇಲೆ, ಅಂದರೆ 2023ರ ನಂತರ, ಎಲ್ಲರ ಬಾಯಲ್ಲೂ ಅವೇ ಹೆಸರು. ಅವನ್ನ ಇನ್ನೊಂದು ಸಲ ಒಂದಿಡೀ ದಿನ ಇಟ್ಟುಕೊಂಡು ಬಂದು ನೋಡಿ.

ನನ್ನ ಕೇಳಿದರೆ ಈ ಐದು ಗಂಟೆಗೆ ಹೇಳಿ ಮಾಡಿಸಿದ ಜಾಗ ದೊಡ್ಡಗದ್ದವಳ್ಳಿ. ಅದೇ ಬೇಲೂರು ರಸ್ತೆಯಲ್ಲಿ, ಹಗರೆ ಅನ್ನೋ ಊರಿಗಿಂತ ಮೊದಲೇ ಬರುತ್ತೆ, ಅರ್ಧ ದಾರಿನೂ ಆಗಲ್ಲ. ಮೇನ್ ರೋಡಿಂದ ಸ್ವಲ್ಪ ಒಳಗೆ ಹೋಗಬೇಕು, ಅಷ್ಟೇ. ಕೆರೆ ದಡದಲ್ಲಿ ಲಕ್ಷ್ಮೀದೇವಿ ದೇವಸ್ಥಾನ. ಬೇಲೂರಿನದು 1117ರದ್ದು ಅಲ್ವಾ, ಇದು ಅದಕ್ಕಿಂತ ಮೂರ್ನಾಲ್ಕು ವರ್ಷ ಹಿರಿಯದು. ರಾಜ ಕಟ್ಟಿಸಿದ್ದೂ ಅಲ್ಲ, ಕುಲ್ಲಹಣ ರಾಹುತ ಅನ್ನೋ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದ್ದು.

ಬೇಲೂರಿನ ಕುಸುರಿ ಕೆಲಸ ತಲೆಯಲ್ಲಿಟ್ಟುಕೊಂಡು ಹೋದರೆ ಮೊದಲು ‘ಇಷ್ಟೇನಾ’ ಅನ್ನಿಸುತ್ತೆ. ಹೊರಗೋಡೆ ಬಹುಪಾಲು ಖಾಲಿ. ಗೋಪುರಗಳೂ ಬಹುಪಾಲು ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ಸಾದಾ ಗೋಪುರಗಳು, ಒಂದರ ಮುಂದೆ ಸಳ ಸಿಂಹದ ಜೊತೆ ಹೋರಾಡುತ್ತಾ ನಿಂತಿದ್ದಾನೆ. ಒಳಗೆ ಹೋಗಿ. ನಾಲ್ಕು ಗರ್ಭಗುಡಿ ಇರುವ ಚತುಷ್ಕೂಟ ಇದು, ಹೊಯ್ಸಳರ ಗುಡಿಗಳಲ್ಲೇ ಅಪರೂಪ. ಲಕ್ಷ್ಮಿ ಒಂದು ಕಡೆ, ಈಶ್ವರ ಒಂದು ಕಡೆ, ಕಾಳಿ ಇನ್ನೊಂದು ಕಡೆ. ಕತ್ತಲೆ ಜಾಸ್ತಿ, ತಕ್ಷಣ ಏನೂ ಕಾಣಿಸಲ್ಲ, ಸುಮ್ನೆ ಎರಡು ನಿಮಿಷ ನಿಲ್ಲಿ. ಆಮೇಲೆ ಕಾಳಿಯ ಬಾಗಿಲ ಎರಡೂ ಪಕ್ಕ ಬೇತಾಳಗಳು ಕಾಣಿಸುತ್ತವೆ. ಬರೀ ಎಲುಬಿನ ಗೂಡು. ಹೊಟ್ಟೆ ಬೆನ್ನಿಗಂಟಿದೆ, ಒಂದೊಂದೇ ಪಕ್ಕೆಲುಬು ಎಣಿಸಬಹುದು, ಹಲ್ಲು ಕಿರಿದುಕೊಂಡು ನಿಂತಿವೆ. ಆ ಕಲ್ಲಿನ ಕೆಲಸಗಾರ ಹೆಣ ಹತ್ತಿರದಿಂದ ನೋಡಿದ್ದವನೇ ಇರಬೇಕು! ಅಲ್ಲಿನ ಕಾಳಿ ವಿಗ್ರಹ 2020ರಲ್ಲಿ ಒಡೆದುಹೋದ ಸ್ಥಿತಿಯಲ್ಲಿ ಸಿಕ್ಕಿತ್ತು, ಎಂಟು ನೂರು ವರ್ಷ ದಾಟಿ ಬಂದ ಮೂರ್ತಿ. ಆ ಹೊಟ್ಟೆಯುರಿ ಈ ಕಡೆಯವರಿಗೆ ಇನ್ನೂ ಇದೆ.

ಹೋಗೋದು ಹೇಗೆ ಅಂದರೆ, ಸ್ಟೇಷನ್ ಇರೋದು ಬಿ.ಎಂ. ರಸ್ತೆ ಕಡೆ, ಆಟೋದಲ್ಲಿ ಬಸ್ ಸ್ಟ್ಯಾಂಡಿಗೆ ಹೆಚ್ಚು ಹೊತ್ತಾಗಲ್ಲ. ಬೇಲೂರು ಅಥವಾ ಚಿಕ್ಕಮಗಳೂರು ಬಸ್ ಹತ್ತಿ ಕಂಡಕ್ಟರ್‌ಗೆ ಹತ್ತುವಾಗಲೇ ದೊಡ್ಡಗದ್ದವಳ್ಳಿ ಅಂತ ಹೇಳಿಬಿಡಿ, ಎಕ್ಸ್‌ಪ್ರೆಸ್ ಆದರೆ ನಿಲ್ಲಿಸಲ್ಲ ಅನ್ನಬಹುದು. ಇಬ್ಬರು ಮೂವರಿದ್ದರೆ ಅಥವಾ ಬ್ಯಾಗ್ ದೊಡ್ಡದಿದ್ದರೆ ಹಾಸನದಿಂದಲೇ ಆಟೋ ಮಾಡಿ. ಹೋಗಿ ಬರೋದು, ಅಲ್ಲಿ ಒಂದು ಗಂಟೆ ಕಾಯೋದು ಎಲ್ಲ ಸೇರಿಸಿ ಮೊದಲೇ ರೇಟ್ ಮಾತಾಡಿಕೊಳ್ಳಿ. ಆಟೋ ವಾಪಸ್ ಕಳಿಸಬೇಡಿ, ಹಳ್ಳಿಯಲ್ಲಿ ಇನ್ನೊಂದು ಸಿಗೋದು ಕಷ್ಟ.

ಶೆಟ್ಟಿಹಳ್ಳಿ ಚರ್ಚ್ ಕೂಡ ಯಾರಾದರೂ ಹೇಳುತ್ತಾರೆ. ಗೊರೂರು ಡ್ಯಾಮ್ ಹಿನ್ನೀರಲ್ಲಿ ಮುಳುಗಿ ಏಳುವ ಪಾಳು ಚರ್ಚ್ ಅದು, ಚೆನ್ನಾಗಿದೆ, ಆದರೆ ಬೇರೆ ದಿಕ್ಕು, ಬಸ್ ನಂಬಿಕೊಂಡು ಹೋಗೋ ಜಾಗ ಅಲ್ಲ. ಹಾಸನಾಂಬ ದೇವಸ್ಥಾನ ಊರೊಳಗೇ ಇದೆ, ಆದರೆ ಬಾಗಿಲು ತೆಗೆಯೋದು ವರ್ಷಕ್ಕೊಮ್ಮೆ, ಆಶ್ವಯುಜ ಮಾಸದಲ್ಲಿ, ದೀಪಾವಳಿ ಹೊತ್ತಿಗೆ ಕೆಲವೇ ದಿನ. ನಿಮ್ಮ ಪ್ರಯಾಣ ಆ ದಿನಗಳಲ್ಲೇ ಬಿದ್ದರೆ ಮೇಲಿನ ಲೆಕ್ಕ ಎಲ್ಲ ಬಿಟ್ಟುಬಿಡಿ. ಊರು ತುಂಬಾ ಜನ, ಆಟೋ ಸಿಗಲ್ಲ, ಸಾಮಾನ್ಯ ಸಾಲಿನಲ್ಲಿ ನಿಂತರೆ ರೈಲು ಹೋಗೇ ಹೋಗುತ್ತೆ.

ಮಳೆ ಹಿಡಿದರೆ ಅಥವಾ ಸುತ್ತೋ ಮನಸ್ಸಿಲ್ಲದಿದ್ದರೆ ಊರಲ್ಲೇ ಇರಿ. ಯಾವುದಾದರೂ ಜನ ತುಂಬಿರೋ ಹೋಟೆಲಲ್ಲಿ ಅಕ್ಕಿರೊಟ್ಟಿ ಸಿಕ್ಕರೆ ತಿನ್ನಿ, ಚಳಿಗಾಲ ಆದರೆ ಅವರೆಕಾಳು ಹಾಕಿದ್ದು ಏನಿದ್ದರೂ ಕೇಳಿ. ಕಾಫಿ ಬಗ್ಗೆ ಹೇಳಬೇಕಾಗಿಲ್ಲ, ಸಕಲೇಶಪುರ, ಬೇಲೂರು ತೋಟಗಳೆಲ್ಲ ಇದೇ ಜಿಲ್ಲೆಯವು. ಊಟ ಆದ ಮೇಲೆ ಮಹಾರಾಜ ಪಾರ್ಕಲ್ಲಿ ಮರದ ಕೆಳಗೆ ಕೂತರೆ ಯಾರೂ ಏನೂ ಕೇಳಲ್ಲ.

ಸ್ಟೇಷನ್‌ಗೆ ಅರ್ಧ ಗಂಟೆ ಮುಂಚೆ ಬನ್ನಿ. ಇಲ್ಲಿ ನಾಲ್ಕು ಕಡೆಯ ರೈಲು ಸೇರುತ್ತವೆ: ಮೈಸೂರು, ಅರಸೀಕೆರೆ, ಮಂಗಳೂರು, ಬೆಂಗಳೂರು. ನೀವು ಬಂದ ಶ್ರವಣಬೆಳಗೊಳದ ಲೈನ್ ಬೆಂಗಳೂರಿನ ತನಕ ಪೂರ್ತಿಯಾಗಿದ್ದು 2017ರಲ್ಲಿ, ಅದಕ್ಕೂ ಮೊದಲು ರೈಲಲ್ಲಿ ಬೆಂಗಳೂರಿಗೆ ಹೋಗಬೇಕಂದರೆ ಸುತ್ತು ಹಾಕಬೇಕಿತ್ತು. ನಿಮ್ಮ ಶಿವಮೊಗ್ಗ ರೈಲು ಮೈಸೂರಿಂದ ಬರುತ್ತೆ. ಪ್ಲಾಟ್‌ಫಾರ್ಮ್ ಯಾವುದು ಅಂತ ಅನೌನ್ಸ್‌ಮೆಂಟ್ ಕೇಳಿಯೇ ಹತ್ತಿ, ನಿಂತಿರೋ ರೈಲನ್ನೆಲ್ಲ ನಂಬಬೇಡಿ.

ಅಕಸ್ಮಾತ್ ಅದು ತಪ್ಪಿಹೋದರೆ ರಾತ್ರಿ ರೈಲಿಗೆ ಕಾಯುತ್ತಾ ಕೂರಬೇಡಿ. ಬಸ್ ಸ್ಟ್ಯಾಂಡಿಗೆ ಹೋಗಿ ಅರಸೀಕೆರೆ ಬಸ್ ಹತ್ತಿ, ಒಂದು ಗಂಟೆ ಚಿಲ್ಲರೆ ದಾರಿ. ಬೆಂಗಳೂರಿಂದ ಶಿವಮೊಗ್ಗಕ್ಕೆ ಹೋಗುವ ರೈಲುಗಳು ಅಲ್ಲಿಂದ ಬೀರೂರು ಮೇಲೆ ಹೋಗುತ್ತವೆ. ಹೊಸ ಟಿಕೆಟ್ ಮಾತ್ರ ತಗೋಬೇಕು, ಹಳೇದು ನಡೆಯಲ್ಲ.