ಕಡಿಮೆ ಇರುವ ಕಡೆ ಟೆಸ್ಟ್ ಬೇಕಾ?

ನೀವು ಕೇಳಿದ್ದು ಇಷ್ಟು: ಮಂಡ್ಯದಂಥ ಕಡೆ ಎಚ್‌ಐವಿ ಎಲ್ಲೋ ಒಬ್ಬರಿಗೆ. ಎರಡು ವಾರದ ಹಿಂದೆ ಒಂದೇ ಸಲ ಕಾಂಡೋಮ್ ಇಲ್ಲದೆ ಸೇರಿದ್ದೆ, ಅದೇ ವಾರ ಕಟಿಂಗ್ ಶಾಪಿನಲ್ಲಿ ಬ್ಲೇಡ್ ತಾಗಿ ರಕ್ತ ಬಂತು. ಟೆಸ್ಟ್ ಬೇಕಾ?

ಬೇಕು. ಬ್ಲೇಡಿಗಲ್ಲ, ಮೊದಲನೆಯದಕ್ಕೆ.

ನಾನು ಮಂಡ್ಯ ಜಿಲ್ಲೆಯ ಒಂದು ಐಸಿಟಿಸಿಯಲ್ಲಿ, ಅಂದರೆ ಸರ್ಕಾರಿ ಎಚ್‌ಐವಿ ಪರೀಕ್ಷಾ ಕೇಂದ್ರದಲ್ಲಿ, ಕೆಲವು ವರ್ಷ ಆಪ್ತಸಮಾಲೋಚಕನಾಗಿದ್ದೆ. ಎಷ್ಟೋ ಜನ ಬ್ಲೇಡಿನಿಂದಲೇ ಮಾತು ಶುರು ಮಾಡುತ್ತಿದ್ದರು. ಒಬ್ಬ ಹುಡುಗ ಓಪಿಡಿ ಚೀಟಿಯನ್ನು ಮಡಚಿ ಮಡಚಿ ಬಸ್ ಟಿಕೆಟ್‌ನಷ್ಟು ಮಾಡಿಕೊಂಡು ಕೂತಿದ್ದ. ಇಪ್ಪತ್ತು ನಿಮಿಷ ಬರೀ ಶೇವಿಂಗ್ ಕಥೆ. ಎದ್ದು ಬಾಗಿಲ ತನಕ ಹೋದವನು ತಿರುಗಿ ನಿಂತು, 'ಇನ್ನೊಂದು ವಿಷ್ಯ ಸಾರ್' ಅಂದ. ಅವನು ಬಂದಿದ್ದೇ ಅದಕ್ಕೆ.

ಈ ವೈರಸ್ ಮೈಯಿಂದ ಹೊರಗೆ ಬಂದು ಒಣಗಿದರೆ ಬೇಗ ಬಲ ಕಳೆದುಕೊಳ್ಳುತ್ತದೆ. ಆದರೂ ಹೊಸ ಬ್ಲೇಡ್ ಹಾಕಿಸಿಕೊಳ್ಳಿ. ರಕ್ತದಿಂದಲೂ ಹರಡಿ ಲಿವರ್‌ಗೆ ತಗಲುವ ಹೆಪಟೈಟಿಸ್ ಬಿ ವೈರಸ್ ಗಟ್ಟಿಪಿಂಡ, ಹೊರಗೆ ಒಂದು ವಾರವಾದರೂ ಉಳಿಯಬಲ್ಲದು.

ಲೆಕ್ಕಕ್ಕೆ ಬಂದರೆ, ದೇಶದ ವಯಸ್ಕರಲ್ಲಿ ಸೋಂಕು ಸುಮಾರು 0.2%, ಸಾವಿರಕ್ಕೆ ಇಬ್ಬರು. ಕರ್ನಾಟಕದಲ್ಲಿ ಅದಕ್ಕಿಂತ ಜಾಸ್ತಿ. ಒಂದು ಸಲಕ್ಕೇ ಅಂಟುವ ಸಂಭವವೂ ಕಡಿಮೆಯೇ, ಹಾಗಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ. ಆದರೆ ಆ ಲೆಕ್ಕ ಊರಿನದು, ನಿಮ್ಮ ಜೊತೆಗಿದ್ದವರದ್ದಲ್ಲ ಅಲ್ವಾ? ಕಡಿಮೆ ಇರುವ ಕಡೆಯ ತಾಪತ್ರಯವೇ ಬೇರೆ. ಜ್ವರ ಬಂದರೆ ಡೆಂಗಿ ನೋಡುತ್ತಾರೆ, ಟೈಫಾಯ್ಡ್ ನೋಡುತ್ತಾರೆ. ಎಚ್‌ಐವಿ ನೆನಪಾಗುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ. ಸೋಂಕು ಗೊತ್ತಾಗಿ, ಎಚ್‌ಐವಿ ಹತ್ತಿಕ್ಕುವ ಎಆರ್‌ಟಿ ಮಾತ್ರೆ ತಪ್ಪದೆ ತಗೊಂಡು, ರಕ್ತದಲ್ಲಿ ವೈರಸ್ ಪತ್ತೆಯೇ ಆಗದಷ್ಟು ಇಳಿದವರಿಂದ ಸೇರುವಿಕೆಯ ಮೂಲಕ ಇನ್ನೊಬ್ಬರಿಗೆ ಹರಡುವುದಿಲ್ಲ. ಭಯ ಇರಬೇಕಾದ್ದು ಟೆಸ್ಟೇ ಮಾಡಿಸದವರ ಬಗ್ಗೆ.

72 ಗಂಟೆಯೊಳಗೆ ಬಂದಿದ್ದರೆ, ಸೋಂಕು ತಡೆಯಲು 28 ದಿನದ ಮಾತ್ರೆ ಶುರು ಮಾಡಬಹುದಿತ್ತು. ಅದು ದಾಟಿತು. ಈಗೊಮ್ಮೆ ಟೆಸ್ಟ್ ಮಾಡಿಸಿ. ನೆಗೆಟಿವ್ ಬಂದರೂ, ಸೇರಿದ ದಿನದಿಂದ ಮೂರು ತಿಂಗಳಾದ ಮೇಲೆ ಇನ್ನೊಮ್ಮೆ. ಅಲ್ಲಿವರೆಗೆ ಕಾಂಡೋಮ್ ಬಿಡಬೇಡಿ, ರಕ್ತದಾನ ಬೇಡ.

ಗುರುತಿನವರು ನೋಡಿಬಿಟ್ಟರೆ ಅಂತ ಮಂಡ್ಯದವರು ಮೈಸೂರಿಗೆ ಹೋಗುತ್ತಾರೆ, ಮೈಸೂರಿನವರು ನಮ್ಮಲ್ಲಿಗೆ ಬರುತ್ತಿದ್ದರು. ಸುಮ್ನೆ ಬಸ್ ಚಾರ್ಜು ದಂಡ. ಯಾವ ಐಸಿಟಿಸಿಯಲ್ಲಿ ಮಾಡಿಸಿದರೂ ಟೆಸ್ಟ್ ಉಚಿತ, 2017ರ ಎಚ್‌ಐವಿ ಕಾಯ್ದೆ ಪ್ರಕಾರ ಫಲಿತಾಂಶ ಗುಟ್ಟಾಗಿಡಲೇಬೇಕು. ಹೋಗಲು ಮುಜುಗರವಾದರೆ ಮೊದಲು ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಅದಕ್ಕೂ ದುಡ್ಡಿಲ್ಲ.