ವರ್ಷ ಕಳೆದ ಮೇಲೆ ಕಿಡ್ನಿಗೇಕೆ ಪೆಟ್ಟು?

ಓದುಗರ ಪತ್ರದ ಸಾರ: ನಮ್ಮ ತಾಯಿಗೆ ಜಠರದ ಕ್ಯಾನ್ಸರ್‌ಗಾಗಿ ವಿಕಿರಣ ಚಿಕಿತ್ಸೆ ಮುಗಿದು ಒಂದು ವರ್ಷವಾಯಿತು. ಈಗ ಇದ್ದಕ್ಕಿದ್ದಂತೆ ರಕ್ತದೊತ್ತಡ ಏರಿದೆ, ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ ರಕ್ತದಲ್ಲಿ ಹೆಚ್ಚಿದೆ. ಚಿಕಿತ್ಸೆ ನಡೆಯುವಾಗ ಚೆನ್ನಾಗಿದ್ದ ಕಿಡ್ನಿ ಈಗೇಕೆ ಕೆಡುತ್ತದೆ? ಕಲ್ಲಿನ ತೊಂದರೆಗೆ ನನಗೂ ಎರಡು ಸಿ.ಟಿ. ಸ್ಕ್ಯಾನ್ ಆಗಿವೆ. ಮೂರನೆಯದನ್ನು ಬೇಡ ಎನ್ನಲೇ?

ಸಂಪಾದಕರ ಉತ್ತರ:

ನಿಮ್ಮ ಸ್ಕ್ಯಾನ್ ವಿಷಯ ಮೊದಲು ಮುಗಿಸೋಣ. ಹೊಟ್ಟೆಯ ಒಂದು ಸಿ.ಟಿ.ಯಲ್ಲಿ ಕಿಡ್ನಿಗೆ ತಗಲುವುದು ಕೆಲವು ಹತ್ತು ಮಿಲಿಗ್ರೇ (ಅಂಗಾಂಶ ಹೀರುವ ವಿಕಿರಣದ ಅಳತೆ ಗ್ರೇ; ಅದರ ಸಾವಿರದಲ್ಲೊಂದು ಪಾಲು ಮಿಲಿಗ್ರೇ). ಕಿಡ್ನಿ ಕೆಡುವ ಮಾತು ಬರುವುದು ಸಾವಿರಾರು ಮಿಲಿಗ್ರೇ ಬಿದ್ದಾಗ. ಸ್ಕ್ಯಾನ್‌ನಿಂದ ಕ್ಯಾನ್ಸರ್ ಅಪಾಯ ಅತ್ಯಲ್ಪವಾಗಿ ಹೆಚ್ಚಬಹುದು, ಆದ್ದರಿಂದ ಅಲ್ಟ್ರಾಸೌಂಡ್ ಸಾಕೇ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಅಗತ್ಯವಿರುವ ಸ್ಕ್ಯಾನನ್ನು ಕಿಡ್ನಿಯ ಹೆಸರಿನಲ್ಲಿ ಬೇಡ ಎನ್ನಬೇಡಿ.

ತಾಯಿಯವರ ಪ್ರಶ್ನೆ ಬೇರೆಯೇ. ವಿಕಿರಣ ಜೀವಕೋಶದ ಡಿಎನ್‌ಎಯ ಎರಡೂ ಎಳೆಗಳನ್ನು ಕತ್ತರಿಸುತ್ತದೆ. ಹಾಗೆ ಗಾಯಗೊಂಡ ಕೋಶ ಅಲ್ಲೇ ಸಾಯಬೇಕೆಂದಿಲ್ಲ. ಬಹಳಷ್ಟು ಸಲ ಅದು ಸಾಯುವುದು ವಿಭಜಿಸಲು ಹೊರಟಾಗ. ಬಾಯಿಯ, ಕರುಳಿನ ಒಳಪದರದ ಕೋಶಗಳು ದಿನದಿನವೂ ಹೊಸದಾಗುವುದರಿಂದ ಹುಣ್ಣು, ಭೇದಿ ಚಿಕಿತ್ಸೆಯ ವೇಳೆಗೇ ಕಾಣಿಸುತ್ತವೆ. ಕಿಡ್ನಿಯ ಕೋಶಗಳಿಗೆ ಆ ಅವಸರವಿಲ್ಲ. ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ, ಕೆಲವರಲ್ಲಿ ಇನ್ನೂ ತಡವಾಗಿ, ತೊಂದರೆ ತಲೆ ಎತ್ತುತ್ತದೆ.

ಒಂದೊಂದು ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ಶೋಧಕಗಳಿವೆ; ಪ್ರತಿಯೊಂದರ ತುದಿಯಲ್ಲೂ ಸಣ್ಣ ರಕ್ತನಾಳಗಳ ಒಂದು ಗೊಂಚಲು. ವಿಕಿರಣದ ಪೆಟ್ಟಿಗೆ ಆ ನಾಳಗಳ ಒಳಪದರ ಊದಿ ಕಳಚಿಕೊಳ್ಳುತ್ತದೆ, ಅಲ್ಲಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಹೆಪ್ಪಿನ ನಡುವೆ ನುಸುಳುವ ಕೆಂಪು ರಕ್ತಕಣಗಳು ಹರಿದು ಚೂರಾಗುತ್ತವೆ. ರಕ್ತ ತಯಾರಿಗೆ ಸೂಚನೆ ಕೊಡುವ ಹಾರ್ಮೋನನ್ನೂ ಕಿಡ್ನಿಯೇ ಸ್ರವಿಸಬೇಕಾದ್ದರಿಂದ ರಕ್ತಹೀನತೆ ಇನ್ನಷ್ಟು ಹೆಚ್ಚುತ್ತದೆ. ಇತ್ತ ರಕ್ತ ಸಾಲದ ಕಿಡ್ನಿ ಒತ್ತಡ ಏರಿಸುವ ರೆನಿನ್ ಬಿಡುತ್ತದೆ, ಏರಿದ ಒತ್ತಡ ಉಳಿದ ಗೊಂಚಲುಗಳನ್ನೂ ಕೆಡಿಸುತ್ತದೆ. ಈ ವಿಷಚಕ್ರವೇ ಕಾಯಿಲೆಯ ತಿರುಳು. ಎನಾಲಾಪ್ರಿಲ್‌ನಂಥ ರಕ್ತದೊತ್ತಡದ ಔಷಧಗಳು ಹೊಡೆಯುವುದು ಇಲ್ಲಿಗೇ. ಆದ್ದರಿಂದಲೇ ಅವುಗಳನ್ನು ಬೇಗ ಆರಂಭಿಸಿದಷ್ಟೂ ಲಾಭ.

ಇದು ಹೊಸ ಸಂಗತಿಯಲ್ಲ. ವೃಷಣದ ಕ್ಯಾನ್ಸರ್‌ಗೆ ಹೊಟ್ಟೆಯ ಮೇಲೆ ವಿಕಿರಣ ಪಡೆದವರಲ್ಲಿ ಇದೇ ಸರಣಿಯನ್ನು 1950ರ ದಶಕದಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ವೈದ್ಯರು ಗುರುತಿಸಿದ್ದರು. ಈಗ ಚಿಕಿತ್ಸೆಯ ನಕ್ಷೆ ಹಾಕುವಾಗಲೇ ಎರಡೂ ಕಿಡ್ನಿಗಳಿಗೆ ಬೀಳುವ ಸರಾಸರಿ ಪ್ರಮಾಣ ಸುಮಾರು 18 ಗ್ರೇ ದಾಟದಂತೆ ನೋಡಿಕೊಳ್ಳುತ್ತಾರೆ. ವಿಕಿರಣ ಸೂಸುವ ಲ್ಯುಟೀಷಿಯಂ ಸೇರಿಸಿದ ಔಷಧವನ್ನು ರಕ್ತಕ್ಕೆ ಕೊಡುವ ಕೆಲವು ಕ್ಯಾನ್ಸರ್ ಚಿಕಿತ್ಸೆಗಳಲ್ಲಿ ಲೈಸಿನ್, ಆರ್ಜಿನಿನ್ ಅಮೈನೋ ಆಮ್ಲಗಳನ್ನೂ ಡ್ರಿಪ್‌ನಲ್ಲಿ ಹಾಕುವುದು, ಆ ಔಷಧವನ್ನು ಕಿಡ್ನಿಯ ಮೂತ್ರ ಹರಿಯುವ ಸೂಕ್ಷ್ಮ ಕೊಳವೆಗಳು ಹೀರಿಕೊಂಡು ಉಳಿಸಿಕೊಳ್ಳದಿರಲಿ ಎಂದು. ಜಾಣತನದ ಉಪಾಯ ಎಂದು ನನಗಂತೂ ಮೆಚ್ಚುಗೆ.

ನಿಮ್ಮ ತಾಯಿಯವರದು ಇದೇ ಎಂದು ಪತ್ರ ಓದಿ ಹೇಳುವ ಧೈರ್ಯ ನನಗಿಲ್ಲ. ಕೀಮೋ ಔಷಧಗಳಲ್ಲಿ ಸಿಸ್ಪ್ಲಾಟಿನ್ ಕೂಡ ಕಿಡ್ನಿಗೆ ಹಗೆ. ವಯಸ್ಸು, ಮಧುಮೇಹವೂ ಲೆಕ್ಕಕ್ಕೆ ಬರುತ್ತವೆ. ಆದರೆ ಕಾಯುತ್ತ ಕೂರಬೇಡಿ. ಚಿಕಿತ್ಸೆ ನೀಡಿದ ಆಸ್ಪತ್ರೆಯಿಂದ ಕಿಡ್ನಿಗೆ ಬಿದ್ದ ವಿಕಿರಣದ ಪ್ರಮಾಣವನ್ನು ಬರಹದಲ್ಲಿ ಪಡೆದು ಕಿಡ್ನಿ ತಜ್ಞರಿಗೆ ತೋರಿಸಿ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ, ಹಿಮೋಗ್ಲೋಬಿನ್ ಎಷ್ಟಿದೆ ಎಂದು ನೋಡಿಸಿ. ಮಂಡಿ ನೋವಿಗೆಂದು ಅವರು ತಾವಾಗಿಯೇ ನುಂಗುವ ಮಾತ್ರೆಗಳಿದ್ದರೆ, ಆ ಪಟ್ಟಿಯನ್ನೂ ಜೊತೆಗೆ ಒಯ್ಯಿರಿ.