ಹೈವ್ ಟೇಬಲ್‌ನಲ್ಲಿ ತಾರೀಕಿನ ಬದಲು ಕೂಪನ್ ಕೋಡ್ ಹೆಸರಿನ ಪಾರ್ಟಿಷನ್ ಯಾಕೆ ಬರುತ್ತಿದೆ? ಡೈನಾಮಿಕ್ ಪಾರ್ಟಿಷನ್ ಲಿಮಿಟ್ ಏರಿಸಲಾ?

ಲಿಮಿಟ್ ಮುಟ್ಟಬೇಡಿ. ಹೈವ್ ಅಂದರೆ ದೊಡ್ಡ ಡೇಟಾವನ್ನು ಟೇಬಲ್‌ಗಳಂತೆ ಎಸ್‌ಕ್ಯೂಎಲ್‌ನಲ್ಲಿ ಓದಿ ಬರೆಯುವ ಸಾಧನ, ಪಾರ್ಟಿಷನ್ ಅಂದರೆ ಅದರಲ್ಲಿ ಒಂದೊಂದು ವ್ಯಾಲ್ಯೂಗೆ ಒಂದೊಂದು ಫೋಲ್ಡರ್. ಆರ್ಡರ್ ಟೇಬಲ್‌ಗೆ ಕೂಪನ್ ಕಾಲಂ ಸೇರಿಸಿದ ಮೇಲೆ ಕೂಪನ್ ಕೋಡ್ ಹೆಸರಿನ ಫೋಲ್ಡರ್‌ಗಳು ಹುಟ್ಟುತ್ತಿವೆ, ಈಗ ಡೈನಾಮಿಕ್ ಪಾರ್ಟಿಷನ್ (ಡೇಟಾದಲ್ಲಿನ ವ್ಯಾಲ್ಯೂ ನೋಡಿ ಹೈವ್ ತಾನೇ ಮಾಡುವ ಪಾರ್ಟಿಷನ್) ಜಾಸ್ತಿಯಾಯಿತು ಅಂತ ಜಾಬೇ ಫೇಲ್ ಆಗುತ್ತಿದೆ ಅಂದಿದ್ದೀರಿ. ಡಿಫಾಲ್ಟ್ ಮಿತಿ ಒಂದು ನೋಡ್‌ಗೆ 100, ಒಟ್ಟು 1000. ದಿನಕ್ಕೊಂದು ತಾರೀಕು ಬರೆಯುವ ಜಾಬ್ ಅದನ್ನು ದಾಟುತ್ತಿದೆ ಅಂದರೆ ಮಿತಿ ಸಣ್ಣದಲ್ಲ, ಒಳಗೆ ಹೋಗುತ್ತಿರುವ ವ್ಯಾಲ್ಯೂನೇ ಬೇರೆ.

ಡೈನಾಮಿಕ್ ಪಾರ್ಟಿಷನ್‌ಗೆ ಬರೆಯುವಾಗ ಹೈವ್ ಕಾಲಂ ಹೆಸರು ನೋಡುವುದೇ ಇಲ್ಲ, ಜಾಗ ನೋಡುತ್ತದೆ. ಸೆಲೆಕ್ಟ್‌ನಲ್ಲಿ ಕೊನೆಗೆ ಏನಿದೆಯೋ ಅದೇ ಪಾರ್ಟಿಷನ್. ನಿಮ್ಮ ಕ್ವೆರಿಯಲ್ಲಿ ಆರ್ಡರ್ ಐಡಿ, ಮೊತ್ತ, ಊರು, ತಾರೀಕು, ಆಮೇಲೆ ಕೂಪನ್ ಇದೆ. ಹೊಸ ಕಾಲಂ ಅಲ್ವಾ, ಕೊನೆಗೆ ಅಂಟಿಸಿದ್ದೀರಿ. ಆದರೆ ಟೇಬಲ್‌ಗೆ ಕಾಲಂ ಸೇರಿಸಲು ಆಲ್ಟರ್ ಟೇಬಲ್ ಕೊಟ್ಟಾಗ ಕೂಪನ್ ಹೋಗಿ ಕೂತದ್ದು ಊರಿನ ಪಕ್ಕದಲ್ಲಿ, ಯಾಕಂದರೆ ಪಾರ್ಟಿಷನ್ ಕಾಲಂ ಯಾವತ್ತೂ ಕೊನೆಗೇ ಇರುತ್ತದೆ. ಹಾಗಾಗಿ ತಾರೀಕು ಕೂಪನ್ ಕಾಲಂಗೆ ಹೋಯಿತು, ಕೂಪನ್ ಪಾರ್ಟಿಷನ್ ಆಯಿತು. ಎರಡೂ ಸ್ಟ್ರಿಂಗ್, ಹೈವ್ ತುಟಿ ಪಿಟಕ್ಕೆನ್ನಲಿಲ್ಲ. ಸ್ಪಾರ್ಕ್ ಅನ್ನುವ ಇನ್ನೊಂದು ಡೇಟಾ ಸಾಧನದ ಇನ್ಸರ್ಟ್‌ಇಂಟೂ ಕೂಡ ಇದೇ ಜಾತಿ, ಹೆಸರಲ್ಲ, ಜಾಗ ನೋಡುತ್ತದೆ.

ಸಮಾಧಾನದ ವಿಷಯ ಅಂದರೆ, ಜಾಬ್ ಹಳೆಯದರ ಮೇಲೆ ಓವರ್‌ರೈಟ್ ಮಾಡದೆ ಸೇರಿಸುತ್ತಾ ಹೋಗಿದ್ದರೆ ಡೇಟಾ ಹಾಳಾಗಿಲ್ಲ, ಅದಲು ಬದಲಾಗಿದೆ ಅಷ್ಟೇ. ಶೋ ಪಾರ್ಟಿಷನ್ಸ್ ಕೊಟ್ಟು ನೋಡಿ, ಹೈವ್ ಡಿಫಾಲ್ಟ್ ಪಾರ್ಟಿಷನ್ ಅಂತ ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್ ಇರುವುದೊಂದು ಸಿಗುತ್ತದೆ. ನಲ್ (ವ್ಯಾಲ್ಯೂ ಇಲ್ಲ ಅನ್ನುವ ಗುರುತು) ಬಂದರೂ ಖಾಲಿ ಸ್ಟ್ರಿಂಗ್ ಬಂದರೂ ಹೈವ್ ಅಲ್ಲಿಗೇ ತಳ್ಳುತ್ತದೆ. ಕೂಪನ್ ಹಾಕದ ಆರ್ಡರ್‌ಗಳೆಲ್ಲ ಅಲ್ಲಿವೆ, ಅವುಗಳ ತಾರೀಕು ಕೂಪನ್ ಕಾಲಂನಲ್ಲಿ ಭದ್ರವಾಗಿದೆ.

ಕೆಟ್ಟ ಪಾರ್ಟಿಷನ್‌ಗಳನ್ನು ಮಾತ್ರ ಓದಿ, ಎರಡು ಕಾಲಂ ತಿರುಗಿಸಿ, ಬೇರೆ ಟೇಬಲ್‌ಗೆ ಬರೆಯಿರಿ. ತಿರುಗಿಸುವಾಗ ಡಿಫಾಲ್ಟ್ ಪಾರ್ಟಿಷನ್ ಹೆಸರು ಕೂಪನ್ ಆಗಿ ಬಂದರೆ ಅದನ್ನು ನಲ್ ಮಾಡಿ. ದಿನವಾರು ಎಣಿಕೆಯನ್ನು ಸೋರ್ಸ್ ಜೊತೆ ತಾಳೆ ನೋಡಿ, ಸರಿಯಿದ್ದರೆ ವಾಪಸ್ ತುಂಬಿಸಿ, ಆಮೇಲೇ ಹಳೆಯದನ್ನು ಡ್ರಾಪ್ ಮಾಡಿ. ಟೇಬಲ್ ಎಕ್ಸ್‌ಟರ್ನಲ್ (ಅಂದರೆ ಫೈಲ್‌ಗಳ ಒಡೆತನ ಹೈವ್‌ಗಿಲ್ಲದ್ದು) ಆಗಿದ್ದರೆ ಡ್ರಾಪ್ ಮಾಡಿದರೂ ಸಾಮಾನ್ಯವಾಗಿ ಫೈಲ್ ಅಲ್ಲೇ ಉಳಿಯುತ್ತದೆ. ಯಾರೋ ನಾಳೆ ಎಂಎಸ್‌ಸಿಕೆ ರಿಪೇರ್ (ಇರುವ ಫೋಲ್ಡರ್‌ಗಳನ್ನು ನೋಡಿ ಪಾರ್ಟಿಷನ್ ಪಟ್ಟಿಗೆ ಸೇರಿಸುವ ಆಜ್ಞೆ) ಓಡಿಸಿದರೆ ಅಷ್ಟೂ ಪಾರ್ಟಿಷನ್ ಮತ್ತೆ ಎದ್ದು ಕೂರುತ್ತವೆ, ಹಾಗಾಗಿ ಫೈಲ್‌ಗಳು ಇರುವ ಎಚ್‌ಡಿಎಫ್‌ಎಸ್‌ನಿಂದಲೂ ಅಳಿಸಿ.

ನನ್ನನ್ನು ಕೇಳಿದರೆ ಈ ಜಾಬ್‌ಗೆ ಡೈನಾಮಿಕ್ ಪಾರ್ಟಿಷನ್ನೇ ಬೇಡ. ದಿನದ ತಾರೀಕು ಮೊದಲೇ ಗೊತ್ತಿರುವಾಗ ಇನ್ಸರ್ಟ್‌ನ ಪಾರ್ಟಿಷನ್ ಕ್ಲಾಜ್‌ನಲ್ಲೇ (ಪಾರ್ಟಿಷನ್ ಹೇಳುವ ಭಾಗದಲ್ಲಿ) ನೇರವಾಗಿ ಬರೆದು, ಸೆಲೆಕ್ಟ್‌ನಿಂದ ಅದನ್ನು ತೆಗೆದುಬಿಡಿ. ಆಗ ಇಂಥ ಒಂದು ಕಾಲಂ ಹೆಚ್ಚಾದರೆ ಕ್ವೆರಿ ಕಂಪೈಲ್ ಆಗುವಾಗಲೇ ಎರರ್ ಕೊಡುತ್ತದೆ. ಡೈನಾಮಿಕ್ ಬೇಕೇಬೇಕು ಅಂದರೆ ತಾರೀಕು ಕೊನೆಗಿರಲಿ, ಎಲ್ಲ ಕಾಲಂ ಒಟ್ಟಿಗೆ ಎತ್ತುವ ಸೆಲೆಕ್ಟ್ ಸ್ಟಾರ್ ಅಂತೂ ಬೇಡವೇ ಬೇಡ.

ಅಂದ ಹಾಗೆ, ಕಾಲಂ ಸೇರಿಸುವಾಗ ಕ್ಯಾಸ್ಕೇಡ್ (ಬದಲಾವಣೆಯನ್ನು ಹಳೆ ಪಾರ್ಟಿಷನ್‌ಗಳಿಗೂ ಹರಡುವ ಆಯ್ಕೆ) ಕೊಟ್ಟಿದ್ದಿರಾ? ಕೊಡದಿದ್ದರೆ ಹಳೆ ಪಾರ್ಟಿಷನ್‌ಗಳಿಗೆ ಕೂಪನ್ ಕಾಲಂ ಇದೆ ಅನ್ನುವುದೇ ಗೊತ್ತಿರುವುದಿಲ್ಲ. ಅವುಗಳಿಗೆ ಸರಿಯಾಗಿ ಬರೆದರೂ ಓದುವಾಗ ನಲ್ ಬರುತ್ತದೆ.